ಗವಿಯ ಹೊಂಚಿಗ

ನಮಸ್ಕಾರ ಕೇಳುಗರೇ.

ಬೇರೆ ಯಾವುದೋ ಗ್ರಹ. ಅದರ ನೆಲದಡಿ ಮೈಲಿಗಟ್ಟಲೆ ಆಳದಲ್ಲಿ ಒಂದು ಗವಿ. ಅಲ್ಲೊಂದು ಬೇಟೆ ಪ್ರಾಣಿ. ಇಷ್ಟು ಹೇಳಿದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬಂತು? ಆನೆ ಗಾತ್ರದ ಮೈ, ಕೆಂಡದಂಥ ಕಣ್ಣು, ಬಾಯಿ ತುಂಬ ಹಲ್ಲು, ಬಂಡೆ ನಡುಗಿಸುವ ಗರ್ಜನೆ. ಹೌದಲ್ವಾ? ಅಂಥದ್ದನ್ನು ತೆರೆಯ ಮೇಲೆ ನೋಡಿದಾಗಲೆಲ್ಲ ನನಗೆ ಹೆದರಿಕೆಗಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ. ಪಾಪ, ಇದು ಹೊಟ್ಟೆಗೆ ಏನು ತಿನ್ನುತ್ತದೆ?

ಸುಮ್ನೆ ತಮಾಷೆಗೆ ಕೇಳುತ್ತಿಲ್ಲ. ಬಿಸಿಲು ಇಳಿಯದ ಕಡೆ ಹಸಿರು ಎಲೆ ಇಲ್ಲ. ಎಲೆ ಇಲ್ಲ ಅಂದಮೇಲೆ ಮೇಯುವ ಪ್ರಾಣಿಗೂ ಗತಿಯಿಲ್ಲ, ಅದನ್ನು ಹಿಡಿದು ತಿನ್ನುವ ಪ್ರಾಣಿಗೂ ಗತಿಯಿಲ್ಲ.

ನಮ್ಮ ಭೂಮಿಯಲ್ಲೇ ಇದಕ್ಕೊಂದು ಉತ್ತರ ಇದೆ. ರೊಮೇನಿಯಾದ ಮೊವಿಲೆ ಗವಿ. ಸುಮಾರು 55 ಲಕ್ಷ ವರ್ಷ ಮುಚ್ಚಿಕೊಂಡೇ ಇದ್ದದ್ದು, 1986ರಲ್ಲಿ ನೆಲ ತೋಡುವಾಗ ಸಿಕ್ಕಿತು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಹೊರಗಿನ ಅರ್ಧದಷ್ಟೂ ಇಲ್ಲ. ನೀರಿಗೆ ಕೊಳೆತ ಮೊಟ್ಟೆಯ ನಾತ. ಅಲ್ಲಿನ ಊಟ ಶುರುವಾಗುವುದೇ ಆ ನಾತದಿಂದ! ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡನ್ನು ಬಳಸಿಕೊಂಡು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ನೀರಿನ ಮೇಲೆ ಹಾಲಿನ ಕೆನೆಯಂತೆ ಹರಡಿಕೊಳ್ಳುತ್ತವೆ. ಆ ಕೆನೆಯನ್ನು ಪುಟ್ಟ ಪುಟ್ಟ ಜೀವಿಗಳು ಮೇಯುತ್ತವೆ. ಅವನ್ನು ಜೇಡ, ಜಿಗಣೆ, ನೀರುಚೇಳು ಹಿಡಿಯುತ್ತವೆ. ಇವರಿಗೆಲ್ಲ ದೊಡ್ಡಣ್ಣ ಯಾರು ಗೊತ್ತಾ? ಒಂದು ಶತಪದಿ. ಉದ್ದ ಸುಮಾರು 5 ಸೆಂಟಿಮೀಟರ್. ಬೆರಳುದ್ದದ ಹುಳ!

ಊಟ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುವಾಗ ಹೆಚ್ಚೂಕಡಿಮೆ ಹತ್ತರಲ್ಲಿ ಒಂದು ಪಾಲಷ್ಟೇ ಮೈಗೆ ಹತ್ತುತ್ತದೆ. ಬುಡದಲ್ಲೇ ಬಡತನ ಇದ್ದರೆ ತುದಿಯಲ್ಲಿ ಆನೆ ಎಲ್ಲಿಂದ ಬರಬೇಕು? ಜಾಗಕ್ಕೇನೋ ಬರವಿಲ್ಲ. ಗುರುತ್ವ ಕಡಿಮೆ ಇರುವ ಗ್ರಹದಲ್ಲಿ ಲಾವಾ ಹರಿದುಹೋದ ಸುರಂಗಗಳು ನಮ್ಮವಕ್ಕಿಂತ ಎಷ್ಟೋ ಅಗಲವಾಗಿದ್ದರೂ ಚಾವಣಿ ಕುಸಿಯದೆ ನಿಂತೀತು. ಮನೆ ದೊಡ್ಡದು, ಅಡುಗೆಮನೆ ಖಾಲಿ.

ಹಾಗಾಗಿ ನಾನು ಕಲ್ಪಿಸಿಕೊಂಡ ಗವಿಪ್ರಾಣಿ ಬೇರೆ. ಹೆಸರು ಹೊಂಚಿಗ. ಬಿಳಿಚಿದ ಮೈ, ಕಣ್ಣಿಲ್ಲ. ಉದ್ದವಿದೆ, ಆದರೆ ತೂಕವಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಚಾವಣಿಯ ಬಿರುಕಿಗೆ ಅಂಟಿಕೊಂಡು ಕೂದಲಿನಂಥ ಎಳೆಗಳನ್ನು ಕೆಳಗೆ ಇಳಿಬಿಟ್ಟಿರುತ್ತದೆ. ನ್ಯೂಜಿಲೆಂಡಿನ ಗವಿಗಳಲ್ಲಿ ಮಿಣುಕುವ ಹುಳಗಳೂ ಹೀಗೇ ಅಂಟಿನ ಎಳೆ ಇಳಿಬಿಟ್ಟು, ಬೆಳಕು ತೋರಿಸಿ ಹುಳ ಹಿಡಿಯುತ್ತವೆ. ಹೊಂಚಿಗನಿಗೆ ಆ ದೀಪದ ಖರ್ಚೂ ಬೇಡ. ಅದರ ಲೋಕದಲ್ಲಿ ಯಾರಿಗೂ ಕಣ್ಣಿಲ್ಲ, ಯಾರಿಗೆ ತೋರಿಸಬೇಕು?

ಆಮೇಲೆ, ಕಾಯುವುದು. ಇದನ್ನು ನಾನು ಓಲ್ಮ್‌ನಿಂದ ಕದ್ದೆ. ಯುರೋಪಿನ ಗವಿಗಳ ನೀರಿನಲ್ಲಿರುವ ಕುರುಡು ಪ್ರಾಣಿ ಅದು. ವರ್ಷಗಟ್ಟಲೆ ಊಟವಿಲ್ಲದೆ ಇರಬಲ್ಲದು. ಬಾಸ್ನಿಯಾದ ಒಂದು ಗವಿಯಲ್ಲಿ ಗುರುತು ಹಾಕಿ ಬಿಟ್ಟ ಓಲ್ಮ್ ಒಂದು, 2,569 ದಿನ ಕಳೆದರೂ ಅದೇ ಜಾಗದಲ್ಲಿ ಸಿಕ್ಕಿತು. ಏಳು ವರ್ಷ! ನಮಗೆ ಬಸ್ಸಿಗೆ ಹತ್ತು ನಿಮಿಷ ಕಾಯುವುದೇ ಕಷ್ಟ.

ಹೊಂಚಿಗ ಮೇಲಿಂದ ಹಾರಿ ಬೀಳುವುದೂ ಇಲ್ಲ. ಹಾರಿ ಗುರಿ ತಪ್ಪಿದರೆ ಒಂದು ವರ್ಷದ ಗಳಿಕೆ ಹೋಯಿತು. ಎಳೆ ಅಲುಗಿದರೆ ಸುಮ್ಮನಿರುತ್ತದೆ. ಎರಡನೇ ಸಲ ಅಲುಗಿದರೆ ಒಂದು ಗೇಣು ಇಳಿಯುತ್ತದೆ. ಮತ್ತೆ ನಿಲ್ಲುತ್ತದೆ.

ಈಗ ಆ ಗವಿಯಲ್ಲಿ ನೀವಿದ್ದೀರಿ ಅಂದುಕೊಳ್ಳಿ. ಡೇರೆ ಹಾಕಿ ಮೂರು ದಿನ ಆಗಿದೆ. ನಿಮ್ಮ ಟಾರ್ಚಿನ ಬೆಳಕು ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ ಬಿಸಿಯುಸಿರು ಮೇಲೇರಿ ಒಂದೊಂದೇ ಎಳೆಯನ್ನು ಮುಟ್ಟುತ್ತಿದೆ. ಮಲಗುವ ಮುಂಚೆ ಸುಮ್ನೆ ಟಾರ್ಚನ್ನು ಮೇಲೆ ತಿರುಗಿಸುತ್ತೀರಿ. ಸದ್ದಿಲ್ಲ, ಗರ್ಜನೆಯಂತೂ ಇಲ್ಲವೇ ಇಲ್ಲ. ಬಂಡೆಯ ಮೇಲೆ ಒಂದು ಬಿಳಿ ಗೆರೆ, ಅಷ್ಟೇ.

ಆ ಗೆರೆ ನಿನ್ನೆ ಇಷ್ಟು ಕೆಳಗೆ ಇರಲಿಲ್ಲ, ಅಲ್ವಾ?