ಹಿಂದೂಗಳ ಧರ್ಮಗ್ರಂಥ ಯಾವುದು ಅಂತ ಕೇಳುವ ಮೊದಲು

ನಮಸ್ಕಾರ. ಇವತ್ತು ಒಂದು ಪ್ರಶ್ನೆ ಬಗ್ಗೆ ಮಾತಾಡಬೇಕು. ಬೆಂಗಳೂರಿನ ಆಫೀಸ್ ಕ್ಯಾಂಟೀನ್‌ಗಳಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇದು ಬರುತ್ತಲೇ ಇರುತ್ತದೆ. ಕ್ರೈಸ್ತರಿಗೆ ಬೈಬಲ್, ಮುಸ್ಲಿಮರಿಗೆ ಕುರ್‌ಆನ್, ಹಾಗಾದರೆ ಹಿಂದೂಗಳಿಗೆ ಯಾವುದು? ತಕ್ಷಣ ಯಾರಾದರೂ "ಭಗವದ್ಗೀತೆ" ಅನ್ನುತ್ತಾರೆ. ಸಿನಿಮಾದ ಕೋರ್ಟ್ ಸೀನ್‌ಗಳಲ್ಲಿ ಗೀತೆಯ ಮೇಲೆ ಕೈ ಇಡಿಸುವುದನ್ನು ನೋಡಿ ನೋಡಿ ನಮಗೆ ಅದೇ ಅಭ್ಯಾಸವಾಗಿದೆ. 1969ರ ಪ್ರಮಾಣ ಕಾಯ್ದೆ ಯಾವ ಗ್ರಂಥದ ಮೇಲೂ ಕೈ ಇಡಿ ಅನ್ನುವುದಿಲ್ಲ. ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರಿಲ್ಲದೆಯೂ ಮಾಡಬಹುದು.

ನನ್ನ ಅಭಿಪ್ರಾಯ ಇದು. ಒಂದೊಂದು ಧರ್ಮ ತನ್ನ ಗ್ರಂಥವನ್ನು ಒಂದೊಂದು ಜಾಗದಲ್ಲಿ ಕೂರಿಸಿದೆ. ಅದನ್ನು ತಿಳಿಯದೆ ಸಾಲಿಗೆ ಸಾಲು ಇಟ್ಟು ಹೋಲಿಸಿದರೆ, ಸೇರಿನಲ್ಲಿ ಬಟ್ಟೆ ಅಳೆದ ಹಾಗಾಗುತ್ತದೆ.

ಗೀತೆಯನ್ನೇ ನೋಡಿ. 18 ಅಧ್ಯಾಯ, 700 ಶ್ಲೋಕ. ಅದು ಇರುವುದು ಮಹಾಭಾರತದ ಭೀಷ್ಮಪರ್ವದ ಒಳಗೆ. ಸಂಪ್ರದಾಯದ ಲೆಕ್ಕದಲ್ಲಿ ವೇದ ಶ್ರುತಿ, ಅಂದರೆ ಕೇಳಿ ಬಂದದ್ದು, ಮೊದಲ ಪ್ರಮಾಣ. ಮಹಾಭಾರತ ಸ್ಮೃತಿ, ಅಂದರೆ ನೆನಪಿನಿಂದ ಬಂದದ್ದು, ಅದರ ನಂತರದ್ದು. ಅಂದರೆ ಗೀತೆಗೆ ಸಿಗಬೇಕಾದದ್ದು ಎರಡನೇ ಸಾಲು. ಆದರೂ ಉಪನಿಷತ್ತು, ಬ್ರಹ್ಮಸೂತ್ರಗಳ ಪಕ್ಕದಲ್ಲಿ ಅದನ್ನು ಇಟ್ಟು ಆಚಾರ್ಯರು ಭಾಷ್ಯ ಬರೆದರು. ಆ ಭಾಷ್ಯಗಳು ಒಂದೇ ಮಾತು ಹೇಳುತ್ತವಾ? ಇಲ್ಲ. ಜೀವ, ಬ್ರಹ್ಮ ಎರಡೂ ಒಂದೇ ಅಂತ ಶಂಕರರು. ಜೀವ ಮತ್ತು ಜಗತ್ತು ದೇವರ ಶರೀರ ಅಂತ ರಾಮಾನುಜರು. ಜೀವ ಬೇರೆ, ದೇವರು ಬೇರೆ, ಆ ಭೇದ ನಿಜ, ಅದು ಯಾವತ್ತೂ ಹೋಗುವುದಿಲ್ಲ ಅಂತ ಮಧ್ವರು. ಈ ಮೂವರ ಪರಂಪರೆಯ ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ನಮ್ಮ ರಾಜ್ಯದಲ್ಲೇ ಇವೆ. ಗ್ರಂಥ ಅದೇ, ತೀರ್ಮಾನ ಮೂರು.

ಇನ್ನೂ ಮುಂದೆ ಹೋದರೆ ಮೀಮಾಂಸಕರು ಸಿಗುತ್ತಾರೆ. ವೇದವೇ ಪರಮ ಪ್ರಮಾಣ ಅನ್ನುವವರು ಅವರು. ಆದರೆ ಅದನ್ನು ಯಾವ ಮನುಷ್ಯನೂ ಬರೆದಿಲ್ಲ, ದೇವರೂ ಬರೆದಿಲ್ಲ ಅನ್ನುತ್ತಾರೆ. ಜಗತ್ತಿಗೆ ಒಬ್ಬ ಸೃಷ್ಟಿಕರ್ತ ಬೇಕು ಅಂತಲೂ ಅವರು ಒಪ್ಪುವುದಿಲ್ಲ. ಸೃಷ್ಟಿಕರ್ತನಿಲ್ಲದೆಯೂ ವೇದ ನಿಲ್ಲುತ್ತದೆ! ಇದನ್ನು ನಾವು ಮಕ್ಕಳಿಗೆ ಯಾಕೆ ಹೇಳಿಕೊಡುವುದಿಲ್ಲ?

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ವೇದ ಮೊದಲಿನಿಂದಲೂ ಕಿವಿಯಿಂದ ಕಿವಿಗೆ ಬಂದದ್ದು. ಋಗ್ವೇದದಲ್ಲೇ 1,028 ಸೂಕ್ತಗಳಿವೆ. ಅಷ್ಟನ್ನೂ ತಲೆಮಾರುಗಳ ಕಾಲ ಬಾಯಲ್ಲೇ ಕಾಪಾಡಿದರು. ಹೇಗೆ? ಪದಗಳನ್ನು ಬಿಡಿಸಿ ಹೇಳುವುದು ಪದಪಾಠ. ಎರಡೆರಡು ಪದ ಜೋಡಿಸುತ್ತಾ ಹೋಗುವುದು ಕ್ರಮಪಾಠ. ಘನಪಾಠದಲ್ಲಂತೂ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಹೀಗೆ ಹಿಂದೆ ಮುಂದೆ ಹೇಳಿದಾಗ ಒಂದು ಅಕ್ಷರ ತಪ್ಪಿದರೂ ಸಿಕ್ಕಿಬೀಳುತ್ತದೆ. ಸ್ವರ ಏರುಪೇರಾದರೂ ಗುರು ನಿಲ್ಲಿಸುತ್ತಾರೆ. ಈ ವೇದಪಠಣ 2008ರಲ್ಲಿ ಯುನೆಸ್ಕೊದ ಪಟ್ಟಿಗೂ ಸೇರಿತು.

ಈಗ ಕುರ್‌ಆನ್ ಕಡೆ ನೋಡಿ. ಮುಸ್ಲಿಮರ ನಂಬಿಕೆಯಂತೆ ಅದು ಪ್ರವಾದಿ ಮುಹಮ್ಮದರ ರಚನೆಯಲ್ಲ. ಅದು ದೇವರ ಮಾತೇ. ಸುಮಾರು 23 ವರ್ಷಗಳಲ್ಲಿ, ಅರಬ್ಬಿಯಲ್ಲಿ, ಅವರ ಕಿವಿಗೆ ಬಿದ್ದದ್ದು. ಅದರ 114 ಸೂರಾಗಳನ್ನೂ, ಅಂದರೆ ಅಧ್ಯಾಯಗಳನ್ನೂ, ಬಾಯಿಪಾಠ ಮಾಡಿದವರು ಹಾಫಿಜ್. ಯಾವ ಅಕ್ಷರ ಬಾಯಿ, ಗಂಟಲಿನ ಯಾವ ಜಾಗದಿಂದ ಬರಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ತಜ್ವೀದ್ ಅಂತ ಒಂದು ಶಾಸ್ತ್ರವೇ ಇದೆ. ರಂಜಾನಿನ ರಾತ್ರಿಗಳಲ್ಲಿ ಶಿವಾಜಿನಗರದ ಕಡೆ ಹೋಗಿ ನೋಡಿ, ತರಾವೀಹ್ ನಮಾಜು ನಡೆಯುತ್ತಿರುತ್ತದೆ. ಆ ನಮಾಜಿನಲ್ಲಿ ತಿಂಗಳು ಮುಗಿಯುವುದರೊಳಗೆ ಇಡೀ ಕುರ್‌ಆನ್ ಕೇಳಿಸುವ ವಾಡಿಕೆ ಇದೆ.

ಘನಪಾಠಿ ಮತ್ತು ಹಾಫಿಜ್ ಇಬ್ಬರೂ ಒಂದೇ ಊರಲ್ಲಿ, ನಾಲ್ಕಾರು ಕಿಲೋಮೀಟರ್ ದೂರದಲ್ಲಿ ಇದ್ದಾರೆ. ಇಬ್ಬರಿಗೂ ಅರ್ಥದಷ್ಟೇ ಉಚ್ಚಾರವೂ ಪವಿತ್ರ. ಇವರಿಬ್ಬರನ್ನು ಎದುರುಬದುರು ಕೂರಿಸಿದರೆ ಎಷ್ಟು ಒಳ್ಳೆಯ ಮಾತು ನಡೆಯಬಹುದು! ನಾವು ಮಾತ್ರ ಕಾಮೆಂಟ್‌ಗಳಲ್ಲಿ ಜಗಳ ಆಡುತ್ತಾ ಕೂತಿದ್ದೇವೆ.

ಬೈಬಲ್ ಬೇರೆಯದೇ ಬಗೆ. ಅದು ಒಂದು ಗ್ರಂಥಾಲಯ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೋಲಿಕರದ್ದರಲ್ಲಿ 73. ಕಾವ್ಯ, ಇತಿಹಾಸ, ಗಾದೆ, ಪತ್ರ ಎಲ್ಲವೂ ಇವೆ. ಯೇಸುವಿನ ಬದುಕನ್ನೇ ನಾಲ್ಕು ಜನರ ಹೆಸರಲ್ಲಿ ನಾಲ್ಕು ಸಲ ಹೇಳಿದ್ದಾರೆ. ಯೋಹಾನನ ಸುವಾರ್ತೆ ಪ್ರಕಾರ ದೇವರ ವಾಕ್ಯ ಮನುಷ್ಯನಾಗಿ ಬಂತು, ಆ ವಾಕ್ಯವೇ ಯೇಸು. ಅಂದರೆ ಕ್ರೈಸ್ತರಿಗೆ ದೇವರ ಮಾತು ಮೊದಲು ಒಬ್ಬ ವ್ಯಕ್ತಿ, ಆಮೇಲೆ ಪುಸ್ತಕ. ಮುಸ್ಲಿಮರಿಗೆ ಕುರ್‌ಆನ್ ಏನೋ, ಕ್ರೈಸ್ತರಿಗೆ ಅದು ಯೇಸು. ಬೈಬಲ್‌ಗೆ ಕುರ್‌ಆನನ್ನು ಜೋಡಿ ಮಾಡುವುದರಲ್ಲೇ ಲೆಕ್ಕ ತಪ್ಪುತ್ತದೆ.

ಸಿಖ್ಖರಲ್ಲಿ ಗ್ರಂಥವೇ ಗುರು. 1708ರಲ್ಲಿ ಗುರು ಗೋವಿಂದ ಸಿಂಗರು ತಮ್ಮ ನಂತರ ಮನುಷ್ಯ ಗುರು ಇಲ್ಲ ಅಂದರು. ಹಲಸೂರು ಕೆರೆ ಹತ್ತಿರದ ಗುರುದ್ವಾರಕ್ಕೆ ಯಾರು ಬೇಕಾದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಬಹುದು. ಗುರು ಗ್ರಂಥ ಸಾಹಿಬ್‌ನ 1,430 ಪುಟಗಳಲ್ಲಿ ಕಬೀರರ, ನಾಮದೇವರ, ರವಿದಾಸರ, ಸೂಫಿ ಶೇಖ್ ಫರೀದರ ಹಾಡುಗಳೂ ಇವೆ. ಇನ್ನು ದಿಗಂಬರ ಜೈನರ ಪವಿತ್ರ ಗ್ರಂಥ ಷಟ್ಖಂಡಾಗಮ ಉಳಿದದ್ದೇ ನಮ್ಮ ಮೂಡುಬಿದಿರೆಯಲ್ಲಿ. ಭಾಷೆ ಪ್ರಾಕೃತ, ತಾಳೆಗರಿಯ ಮೇಲಿನ ಲಿಪಿ ಹಳಗನ್ನಡ.

ಈಗ ನನಗೆ ಸಿಟ್ಟು ಬರುವ ವಿಷಯ. ಒಂದು ಸಾಲು ಕತ್ತರಿಸಿ, ಕೆಂಪು ಗೆರೆ ಎಳೆದು ಫಾರ್ವರ್ಡ್ ಮಾಡುವುದು. ಕುರ್‌ಆನ್‌ನ 9ನೇ ಸೂರಾದ 5ನೇ ವಾಕ್ಯ ಹೀಗೆ ಸುತ್ತುತ್ತಲೇ ಇರುತ್ತದೆ. ಅದು ಯುದ್ಧದ ಮಾತು. ಅದರ ಪಕ್ಕದ 6ನೇ ವಾಕ್ಯ, ಬಹುದೇವತಾರಾಧಕರಲ್ಲಿ ಯಾರಾದರೂ ಆಶ್ರಯ ಕೇಳಿದರೆ ಕೊಡಿ, ಅವರನ್ನು ಕ್ಷೇಮವಾದ ಜಾಗಕ್ಕೆ ತಲುಪಿಸಿ ಅನ್ನುತ್ತದೆ. ಅದನ್ನು ಯಾರೂ ಕಳಿಸುವುದಿಲ್ಲ. ಗೀತೆಯ ನಾಲ್ಕನೇ ಅಧ್ಯಾಯದ "ಚಾತುರ್ವರ್ಣ್ಯಂ ಮಯಾ ಸೃಷ್ಟಂ" (ನಾಲ್ಕು ವರ್ಣಗಳನ್ನು ನಾನೇ ಸೃಷ್ಟಿಸಿದೆ) ಶ್ಲೋಕಕ್ಕೂ ಇದೇ ಗತಿ. ಒಬ್ಬರು ಈ ಮೂರು ಪದ ಹಿಡಿದು ಬೈಯುತ್ತಾರೆ, ಇನ್ನೊಬ್ಬರು ಅದರ ಮುಂದಿನ "ಗುಣಕರ್ಮವಿಭಾಗಶಃ" (ಗುಣ, ಕರ್ಮಗಳ ಪ್ರಕಾರ ವಿಂಗಡಿಸಿ) ಅನ್ನುವುದನ್ನು ಮಾತ್ರ ಹಿಡಿದು ಎಲ್ಲ ಸರಿಯಿದೆ ಅನ್ನುತ್ತಾರೆ. ಶಾಂತಿಯನ್ನಲ್ಲ, ಖಡ್ಗವನ್ನು ತಂದೆ ಅಂತ ಯೇಸು ಹೇಳಿದ ಮಾತೂ ಮತ್ತಾಯನ ಸುವಾರ್ತೆಯಲ್ಲಿದೆ. ಅದೊಂದನ್ನೇ ಕತ್ತರಿಸಿ ತೋರಿಸಿದರೆ ಯೇಸು ಏನಾಗುತ್ತಾನೆ?

ಹಾಗಂತ ಸಂದರ್ಭ ವಿವರಿಸಿಬಿಟ್ಟರೆ ಎಲ್ಲವೂ ತೊಳೆದುಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಷ್ಟು ಜತನದಿಂದ ಕಾಪಾಡಿದ ವೇದವನ್ನು ಶೂದ್ರರಿಗೂ ಹೆಂಗಸರಿಗೂ ಬಹುಕಾಲ ಕಲಿಸಲಿಲ್ಲ. ಮನುಸ್ಮೃತಿಯನ್ನು ಎಷ್ಟು ಸಲ ಪೂರ್ತಿ ಓದಿದರೂ ಅದರೊಳಗಿನ ತಾರತಮ್ಯ ಹಾಗೇ ಇರುತ್ತದೆ. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರರು ಅದನ್ನು ಸುಟ್ಟರು. ಓದದೆ ಸುಟ್ಟವರಲ್ಲ ಅವರು. 12ನೇ ಶತಮಾನದಲ್ಲೇ ಬಸವಣ್ಣನವರು "ವೇದಕ್ಕೆ ಒರೆಯ ಕಟ್ಟುವೆ, ಶಾಸ್ತ್ರಕ್ಕೆ ನಿಗಳವನಿಕ್ಕುವೆ" ಅಂದರು. ನಿಗಳ ಅಂದರೆ ಸಂಕೋಲೆ. ಹಾಗೆ ಅಂದು, ಅಸ್ಪೃಶ್ಯರೆನಿಸಿಕೊಂಡ ಜಾತಿಯ ಶರಣ ಮಾದಾರ ಚೆನ್ನಯ್ಯನ ಮನೆಯ ಮಗ ನಾನು ಅಂತ ಹೇಳಿಕೊಂಡರು. ಗ್ರಂಥಕ್ಕೆ ಎದುರು ನಿಂತು ಆಡಿದ ಆ ಕನ್ನಡದ ಮಾತುಗಳನ್ನು ಇವತ್ತು ಲಕ್ಷಾಂತರ ಜನ ಪವಿತ್ರ ಅಂತ ಓದುತ್ತಾರೆ. ನನ್ನ ಮಟ್ಟಿಗೆ ನಮ್ಮ ನೆಲದ ದೊಡ್ಡ ಆಸ್ತಿ ಇದು. ಭಕ್ತಿ ಇಟ್ಟುಕೊಂಡೇ ಪ್ರಶ್ನೆ ಕೇಳಬಹುದು ಅಂತ ತೋರಿಸಿದವರು ಅವರು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಗ್ರೂಪಿಗೆ ಯಾವುದಾದರೂ ಗ್ರಂಥದ ಸಾಲು ಬಂದರೆ ಮೂರು ವಿಷಯ ಕೇಳಿ. ಯಾರು ಯಾರಿಗೆ ಹೇಳಿದ್ದು? ಅದರ ಹಿಂದೆ ಮುಂದೆ ಏನಿದೆ? ಅದನ್ನು ನಂಬುವವರು ಅದಕ್ಕೆ ಏನು ಅರ್ಥ ಹೇಳುತ್ತಾರೆ? ಪಕ್ಕದ ಡೆಸ್ಕಿನಲ್ಲೇ ನಂಬುವವರು ಕೂತಿರುತ್ತಾರೆ, ಅವರನ್ನೇ ಕೇಳಿ. ಕನ್ನಡದಲ್ಲಿ ಬೈಬಲ್ ಸಿಗುತ್ತದೆ, ಕುರ್‌ಆನ್ ಅನುವಾದ ಸಿಗುತ್ತದೆ, ಗೀತೆಯಂತೂ ಬೇಕಾದಷ್ಟು. ಡಿ.ವಿ.ಜಿ. ಅವರು ಗೀತೆಯ ಬಗ್ಗೆ ಬರೆದ ಪುಸ್ತಕಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶುರು ಮಾಡುವುದಕ್ಕೆ ಅದು ಒಳ್ಳೆಯದು.

ಮುಂದಿನ ಸಂಚಿಕೆಯಲ್ಲಿ ಋಗ್ವೇದದ ನಾಸದೀಯ ಸೂಕ್ತ ತಗೊಳ್ಳುತ್ತೇನೆ. ಈ ಸೃಷ್ಟಿ ಎಲ್ಲಿಂದ ಬಂತು ಅನ್ನುವುದು ಮೇಲಿರುವ ಆತನಿಗೆ ಗೊತ್ತಿರಬಹುದು, ಆತನಿಗೂ ಗೊತ್ತಿಲ್ಲದಿರಬಹುದು ಅಂತ ಕೊನೆಯಾಗುವ ಸೂಕ್ತ ಅದು. ಇರುವುದು ಏಳೇ ಮಂತ್ರ. ಒಂದನ್ನೂ ಬಿಡದೆ ಓದೋಣ.