ಡಬ್ಬದ ಮೇಲಿನ ನ್ಯಾನೊ

ಕೇಳುಗರೇ, ನಮಸ್ಕಾರ.

2006ರ ಮಾರ್ಚ್ ತಿಂಗಳ ಕೊನೆಯಲ್ಲಿ ಜರ್ಮನಿಯ ಅಂಗಡಿಗಳಿಗೆ ಹೊಸ ಡಬ್ಬವೊಂದು ಬಂದಿತು. ಬಚ್ಚಲುಮನೆಯ ಗಾಜು, ಟೈಲ್ಸ್‌ಗಳ ಮೇಲೆ ಸಿಂಪಡಿಸಿದರೆ ಕೊಳೆ ಹಿಡಿಯುವುದಿಲ್ಲ ಎಂದು ಮಾರುತ್ತಿದ್ದರು. ಹೆಸರು ‘ಮ್ಯಾಜಿಕ್ ನ್ಯಾನೊ’. ಸಿಂಪಡಿಸಿದವರಿಗೆ ಕೆಮ್ಮು ಹತ್ತಿತು, ಉಸಿರು ಕಟ್ಟಿತು. ಸುಮಾರು 100 ಮಂದಿ ದೂರು ಕೊಟ್ಟರು. ಶ್ವಾಸಕೋಶದಲ್ಲಿ ನೀರು ತುಂಬಿ 6 ಮಂದಿ ಆಸ್ಪತ್ರೆ ಸೇರಿದರು. ಅತಿ ಸೂಕ್ಷ್ಮ ಕಣಗಳನ್ನು ಬಳಸುವ ನ್ಯಾನೊ ತಂತ್ರಜ್ಞಾನ ಜನರನ್ನು ಕಾಡಲು ಶುರುಮಾಡಿತು ಎಂಬ ಸುದ್ದಿ ದೇಶದೇಶಗಳಿಗೆ ಹಬ್ಬಿತು.

ಎರಡು ತಿಂಗಳ ಬಳಿಕ ಜರ್ಮನಿಯ ಸರ್ಕಾರಿ ಸಂಸ್ಥೆ ಪರೀಕ್ಷೆಯ ಫಲ ತಿಳಿಸಿತು: ಆ ಡಬ್ಬದಲ್ಲಿ ನ್ಯಾನೊ ಕಣಗಳೇ ಇರಲಿಲ್ಲ! ಗಾಜಿನ ಮೇಲೆ ಉಳಿಯುವ ಅತಿ ತೆಳುವಾದ ಪದರವನ್ನು ನೆನೆದು ಇಟ್ಟ ಹೆಸರು ಅದು. ಹಾಗೆಂದು ಹೆದರಿದವರನ್ನು ತಿಳಿಗೇಡಿಗಳು ಎನ್ನಲು ನಾನು ಒಪ್ಪುವುದಿಲ್ಲ. ಅವರ ಉಸಿರು ಕಟ್ಟಿದ್ದು ನಿಜ. ಇಲ್ಲದ ವಸ್ತುವಿನ ಹೆಸರನ್ನು ಹೊಳಪಿಗಾಗಿ ಅಂಟಿಸಿದವರು ಮಾರಾಟಗಾರರು.

ನಿಜವಾಗಿ ಎಚ್ಚರ ಬೇಕಾದ ಜಾಗ ಬೇರೆ ಇದೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೊಮೀಟರ್. ಆ ಅಳತೆಗೆ ಇಳಿದಾಗ ವಸ್ತುವಿನ ಗುಣವೇ ಬದಲಾಗುತ್ತದೆ; ಹಳದಿ ಚಿನ್ನ ಕೆಂಪಗೆ ಕಾಣುತ್ತದೆ. ಇಂಗಾಲದ ಸೂಕ್ಷ್ಮ ಕೊಳವೆಗಳನ್ನು ಇಲಿಗಳ ಹೊಟ್ಟೆಯೊಳಗೆ ಸೇರಿಸಿ ಮಾಡಿದ ಪ್ರಯೋಗದ ವರದಿ 2008ರಲ್ಲಿ ಪ್ರಕಟವಾಯಿತು. ಉದ್ದನೆಯ ಕೊಳವೆಗಳು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆಗಳಂತೆಯೇ ಉರಿಯೂತ ತಂದವು, ಗಿಡ್ಡನೆಯವು ತರಲಿಲ್ಲ. ಕಲ್ನಾರು ಎಂದಾಗ ನನ್ನ ಎದೆ ಭಾರವಾಗುತ್ತದೆ. ಅದರ ಕೇಡು ತಿಳಿದು ದಶಕಗಳಾದರೂ ನಮ್ಮ ಎಷ್ಟೋ ಮನೆಗಳಿಗೆ ಇಂದಿಗೂ ಅದರದೇ ಶೀಟಿನ ಸೂರು. ಟೆನಿಸ್ ರಾಕೆಟ್ಟು ಗಟ್ಟಿಯಾಗಲೆಂದು ಬೆರೆಸಿದ, ಅದರ ಅಂಟಿನೊಳಗೆ ಹುದುಗಿದ ಇಂಗಾಲದ ಕೊಳವೆ ಆಟಗಾರನ ಉಸಿರಿಗೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಒಣಪುಡಿಯನ್ನು ಸುರಿಯುವ ಕಾರ್ಮಿಕನ ಮೂಗಿಗೆ ಸಿಗುತ್ತದೆ. ಮೊದಲ ಕಾಳಜಿ ಅವನಿಗೆ ಸಲ್ಲಬೇಕು.

ನಮ್ಮಲ್ಲಿ ಇದೇ ಹೆಸರು ಹೆದರಿಸುವ ಬದಲು ನಂಬಿಸುತ್ತದೆ. 2021ರಲ್ಲಿ ನ್ಯಾನೊ ಯೂರಿಯಾ ಎಂಬ ದ್ರವ ಗೊಬ್ಬರ ಬಂದಾಗ ಅರ್ಧ ಲೀಟರಿನ ಬಾಟಲಿ ಸಾಮಾನ್ಯ ಯೂರಿಯಾದ 45 ಕಿಲೋ ಚೀಲಕ್ಕೆ ಸಮ ಎಂದರು. ಚೀಲದಲ್ಲಿರುವ ಸಾರಜನಕ, ಅಂದರೆ ಗಿಡಕ್ಕೆ ಬೇಕಾದ ಪೋಷಕಾಂಶ, 20 ಕಿಲೋಗಿಂತ ಹೆಚ್ಚು. ಆಗಿನ ಬಾಟಲಿಯಲ್ಲಿದ್ದದ್ದು ಸುಮಾರು 20 ಗ್ರಾಂ. ಎಲೆಗೆ ಸಿಂಪಡಿಸಿದ್ದು ಪೋಲಾಗದೆ ಗಿಡಕ್ಕೆ ಸೇರುತ್ತದೆ ಎಂಬುದು ತಯಾರಕರ ವಾದ. ಆದರೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಗೋಧಿ, ಭತ್ತ ಎರಡರ ಇಳುವರಿಯೂ ಕುಸಿಯಿತು. ಇಂಥ ಹೊರಗಿನವರ ಪರೀಕ್ಷೆ ಹಲವು ಮಣ್ಣುಗಳಲ್ಲಿ, ಹಲವು ಹಂಗಾಮುಗಳಲ್ಲಿ, ಮಾರಾಟಕ್ಕೆ ಮುಂಚೆಯೇ ಮುಗಿದಿರಬೇಕಿತ್ತು. ಒಂದು ಬೆಳೆ ಕೈಕೊಟ್ಟರೆ ಸಾಲ ತೀರಿಸಬೇಕಾದವನು ರೈತ.

ಯುರೋಪಿನಲ್ಲಿ 2013ರಿಂದ ಸೌಂದರ್ಯ ಸಾಧನಗಳಲ್ಲಿ ನ್ಯಾನೊ ಪದಾರ್ಥ ಬಳಸಿದ್ದರೆ ಅದನ್ನು ಪದಾರ್ಥಗಳ ಪಟ್ಟಿಯಲ್ಲೇ ಹೇಳಬೇಕು. ನಮ್ಮ ಗೊಬ್ಬರದ ಬಾಟಲಿಯೂ ಅಷ್ಟನ್ನಾದರೂ ಹೇಳಲಿ: ಕಣದ ಗಾತ್ರ ಎಷ್ಟು, ಪರೀಕ್ಷಿಸಿದವರು ಯಾರು, ಎಷ್ಟು ಬೆಳೆ ಬಂತು, ಸಿಂಪಡಿಸುವಾಗ ಮೂಗು ಬಾಯಿಗೆ ಏನು ಕಟ್ಟಿಕೊಳ್ಳಬೇಕು. ಇವಿಷ್ಟೂ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಕ್ಷರಗಳಲ್ಲಿ ಇರಲಿ.

ನಮಸ್ಕಾರ.