ಇಂಕಾ ದಾರಿಯ ಮೆಟ್ಟಿಲುಗಳು

ಕೇಳುಗರಿಗೆ ನಮಸ್ಕಾರ.

ಪೆರು ದೇಶದ ಮಾಚು ಪಿಚು ನೋಡಲು ನಡೆಯಲೇಬೇಕೆಂದೇನೂ ಇಲ್ಲ. ಬೆಟ್ಟದ ಬುಡದ ಊರಿನವರೆಗೆ ರೈಲಿದೆ. ಅಲ್ಲಿಂದ ಬಸ್ಸು ಅರ್ಧ ಗಂಟೆಯೊಳಗೆ ಪಾಳುನಗರದ ಬಾಗಿಲಿಗೇ ಬಿಡುತ್ತದೆ. ಆದರೆ ಅದೇ ರೈಲು ಹಳಿಯ ಪಕ್ಕದಲ್ಲಿ 82ನೇ ಕಿಲೋಮೀಟರ್ ಎಂದೇ ಹೆಸರಾದ ಒಂದು ಜಾಗವಿದೆ. ಅಲ್ಲಿ ಉರುಬಂಬಾ ನದಿಯ ಸೇತುವೆ ದಾಟಿ, ಮೂರು ಘಟ್ಟ ಹತ್ತಿ ಇಳಿದು, ನಾಲ್ಕನೇ ದಿನ ಬೆಳಿಗ್ಗೆ ಆ ನಗರಕ್ಕೆ ಮೇಲುಗಡೆಯಿಂದ ಇಳಿದು ಬರುವ ಹಳೆಯ ದಾರಿಯೇ ಇಂಕಾ ದಾರಿ. ದೂರ ಸುಮಾರು 42 ಕಿಲೋಮೀಟರ್. ನಾಲ್ಕು ದಿನಕ್ಕೆ 42 ಕಿಲೋಮೀಟರ್ ಏನು ಮಹಾ ಅನ್ನಿಸಬಹುದು. ಈ ದಾರಿಯ ಕಷ್ಟ ಇರುವುದು ದೂರದಲ್ಲಲ್ಲ, ಮೆಟ್ಟಿಲಿನಲ್ಲಿ.

ಮೆಟ್ಟಿಲು ಯಾಕೆ? ಈ ದಾರಿಯನ್ನೂ ಆ ನಗರವನ್ನೂ ಕಟ್ಟಿದವರು, ಸ್ಪೇನಿನವರು ಬರುವ ಮೊದಲು ಆಂಡಿಸ್ ಸೀಮೆಯನ್ನು ಆಳುತ್ತಿದ್ದ ಇಂಕಾ ಜನ. ಅವರಿಗೆ ಕುದುರೆ ಗೊತ್ತಿರಲಿಲ್ಲ, ಗಾಡಿಯೂ ಇರಲಿಲ್ಲ. ಹೊರೆ ಹೊರಲು ಇದ್ದದ್ದು ಮನುಷ್ಯನ ಬೆನ್ನು ಮತ್ತು ಒಂಟೆಯ ಬಳಗದ ಲಾಮಾ ಎಂಬ ಪ್ರಾಣಿ. ಲಾಮಾ 25ರಿಂದ 30 ಕಿಲೋ ಹೊರುತ್ತದೆ. ಮಿತಿ ಮೀರಿ ಹೇರಿದರೆ ಇದ್ದಲ್ಲೇ ಕೂತುಬಿಡುತ್ತದೆ. ಗಾಡಿ ಓಡುವ ದಾರಿ ನಮ್ಮ ಆಗುಂಬೆ ಘಾಟಿಯ ಹಾಗೆ ಸುತ್ತಿ ಸುತ್ತಿ ಏರನ್ನು ತಗ್ಗಿಸಿಕೊಂಡು ಹೋಗಬೇಕು. ಕಾಲಿಗಾಗಿ ಮಾಡಿದ ದಾರಿಗೆ ಆ ಹಂಗಿಲ್ಲ. ನೇರ ಹತ್ತುತ್ತದೆ, ನೇರ ಇಳಿಯುತ್ತದೆ, ಕಡಿದಾದ ಕಡೆ ಕಲ್ಲು ಜೋಡಿಸಿ ಮೆಟ್ಟಿಲಾಗುತ್ತದೆ. ಆಂಡಿಸ್ ಪರ್ವತದುದ್ದಕ್ಕೂ ಇಂಥ ದಾರಿಗಳ ಬಲೆ 30,000 ಕಿಲೋಮೀಟರಿನಷ್ಟು ಹಬ್ಬಿತ್ತು. ಖಾಪಾಕ್ ನ್ಯಾನ್ ಎನ್ನುವ ಈ ಜಾಲವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದಿನ ಆರು ದೇಶಗಳು ಅದರಲ್ಲಿ ಪಾಲುದಾರರು. ನಾವು ಮಾತಾಡುತ್ತಿರುವುದು ಅದರ ಒಂದು ಚಿಕ್ಕ ಎಳೆಯ ಬಗ್ಗೆ.

ನಡಿಗೆಗಿಂತ ಮೊದಲು ಕಾಗದದ ಕೆಲಸ. ಈ ದಾರಿಗೆ ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಗೈಡು, ಅಡುಗೆಯವರು, ಪೋರ್ಟರ್‌ಗಳು ಎಲ್ಲರೂ ಆ ಲೆಕ್ಕದಲ್ಲೇ ಬರುವುದರಿಂದ ಚಾರಣಿಗರಿಗೆ ಉಳಿಯುವುದು ಸುಮಾರು 200 ಜಾಗ. ಸ್ವಂತವಾಗಿ ಗುಡಾರ ಹೊತ್ತು ಹೋಗುವಂತಿಲ್ಲ, ಪರವಾನಗಿ ಇರುವ ಏಜೆನ್ಸಿಯ ಮೂಲಕವೇ ಹೋಗಬೇಕು. ಮೇ ತಿಂಗಳಿಂದ ಆಗಸ್ಟ್‌ವರೆಗಿನ ಜಾಗಗಳು ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತವೆ. ಫೆಬ್ರವರಿಯಲ್ಲಿ ದಾರಿ ಪೂರ್ತಿ ಬಂದ್. ಅದು ಜೋರು ಮಳೆಯ ಕಾಲ, ದುರಸ್ತಿಯ ಕಾಲವೂ ಹೌದು.

ನಮ್ಮವರು ಎಡವುವುದು ಹೆಸರಿನ ವಿಷಯದಲ್ಲಿ. ಪರ್ಮಿಟ್ ಮೇಲಿನ ಹೆಸರು ಮತ್ತು ಸಂಖ್ಯೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಲ್ಲುವುದು ಕನ್ನಡಿಗರ ರೂಢಿ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಹೆಸರಾಗಿರುತ್ತದೆ. ಬುಕಿಂಗ್ ಫಾರಂನಲ್ಲಿ ದಿನಬಳಕೆಯ ಹೆಸರು ಬರೆದುಬಿಟ್ಟರೆ ಮೊದಲ ದಿನ ಸೇತುವೆಯ ಬಳಿಯ ತಪಾಸಣೆಯಲ್ಲೇ ಪ್ರಯಾಣ ನಿಲ್ಲಬಹುದು. ಪರ್ಮಿಟನ್ನು ಇನ್ನೊಬ್ಬರ ಹೆಸರಿಗೆ ಬದಲಾಯಿಸಲು ಬರುವುದಿಲ್ಲ. ಬುಕ್ ಮಾಡಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೆಯದು, ಹೊಸದು ಎರಡನ್ನೂ ಒಯ್ಯಿರಿ, ಏಜೆನ್ಸಿಗೂ ಮೊದಲೇ ತಿಳಿಸಿ.

ಇನ್ನು ಎತ್ತರ. ಕರ್ನಾಟಕದ ನೆತ್ತಿ ಎನಿಸಿದ ಮುಳ್ಳಯ್ಯನಗಿರಿ 1,930 ಮೀಟರ್. ವಿಮಾನ ಇಳಿಯುವ ಕುಸ್ಕೊ ನಗರವೇ 3,400 ಮೀಟರ್. ದಾರಿಯ ಅತಿ ಎತ್ತರದ ಜಾಗ 4,215 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಶೇಕಡಾ 60ರಷ್ಟು ಮಾತ್ರ. ಇದಕ್ಕೆ ಮೈ ಹೊಂದಿಕೊಳ್ಳಲು ದಿನಗಳೇ ಬೇಕು. ಊರಿನಲ್ಲಿ ಎಷ್ಟು ಓಡಿದರೂ ಆ ಹೊಂದಿಕೆ ಬರುವುದಿಲ್ಲ. ಗಟ್ಟಿಮುಟ್ಟಾದ ಯುವಕರೇ ಮೊದಲು ಮಲಗುವುದನ್ನು ಗೈಡುಗಳು ಚೆನ್ನಾಗಿ ಬಲ್ಲರು. ತಾಕತ್ತಿದೆ ಎಂದು ಅವರು ಬೇಗ ಹತ್ತುತ್ತಾರೆ, ಅಷ್ಟೇ ಕಾರಣ. ವಿಮಾನ ಇಳಿದ ದಿನವೇ ಕುಸ್ಕೊದಲ್ಲಿ ಉಳಿಯದೆ, ಕಣಿವೆಯ ಓಲಂತಾಯ್‌ತಾಂಬೊ ಊರಿಗೆ ಇಳಿದುಬಿಡುವುದು ಜಾಣತನ. ಅದು ಸುಮಾರು 2,800 ಮೀಟರ್. ಅಲ್ಲಿ ಎರಡು ರಾತ್ರಿ, ಆಮೇಲೆ ಕುಸ್ಕೊದಲ್ಲಿ ಒಂದು ರಾತ್ರಿ ಕಳೆದು ಹೊರಟರೆ ಎರಡನೇ ದಿನದ ಘಟ್ಟ ಬೇರೆಯೇ ಘಟ್ಟವಾಗಿರುತ್ತದೆ.

ಅಸೆಟಜೋಲಮೈಡ್ ಎನ್ನುವ ಮಾತ್ರೆ ಇದೆ. ಎತ್ತರದ ಕಾಯಿಲೆಯ ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಎತ್ತರಕ್ಕೆ ಏರುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಅದರಲ್ಲೂ ಸಲ್ಫಾ ಔಷಧಿ ಆಗದವರು. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ, ಗಾಬರಿ ಬೇಡ. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಕೊಡುತ್ತಾರೆ. ಬಿಸಿಯಾಗಿರುತ್ತದೆ, ಕುಡಿದರೆ ಹಿತ, ಆದರೆ ಅದನ್ನೇ ಔಷಧಿ ಎಂದು ನಂಬಿ ಕೂರಬೇಡಿ. ಪೆರುವಿನಲ್ಲಿ ಕಾನೂನುಬದ್ಧವಾದ ಆ ಎಲೆ ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಅಡಿ ಬರುತ್ತದೆ. ಚಹಾ ಪೊಟ್ಟಣವನ್ನು ನೆನಪಿಗೆಂದು ಚೀಲದಲ್ಲಿ ತಂದರೆ ವಿಮಾನ ನಿಲ್ದಾಣದಲ್ಲಿ ಬೇಡದ ಕಥೆಯಾಗುತ್ತದೆ.

ಸಣ್ಣ ತಲೆನೋವು ಸಹಜ. ತಲೆನೋವಿನ ಜೊತೆ ವಾಂತಿ, ಕೂತಾಗಲೂ ಏದುಸಿರು, ಗೆರೆಯ ಮೇಲೆ ನಡೆಯಲಾಗದೆ ತೂರಾಡುವುದು, ಇವು ಕಂಡರೆ ಮೇಲೆ ಹತ್ತುವ ಮಾತಿಲ್ಲ, ಕೆಳಗಿಳಿಯಲೇಬೇಕು. ಈ ತೀರ್ಮಾನ ಎರಡನೇ ದಿನ ಘಟ್ಟದ ನೆತ್ತಿಗಿಂತ ಮುಂಚೆಯೇ ಆಗಬೇಕು. ಅಲ್ಲಿಯವರೆಗೆ ಹಿಂದಕ್ಕೆ, ವಾಯ್ಲಬಂಬಾ ಹಳ್ಳಿಗೆ ಇಳಿಯಬಹುದು. ನೆತ್ತಿ ದಾಟಿದ ಮೇಲೆ ಮುಂದೂ ಘಟ್ಟ, ಹಿಂದೂ ಘಟ್ಟ. ಅಲ್ಲಿ ವಾಹನವಿಲ್ಲ, ಕುದುರೆ ಬರುವುದಿಲ್ಲ. ನಡೆಯಲಾಗದವರನ್ನು ಜನ ಹೊತ್ತೇ ಸಾಗಿಸಬೇಕು.

ಮೊದಲ ದಿನ ಸಲೀಸು. ಪಾಟಲ್ಯಾಕ್ಟಾ ಎಂಬ ದೊಡ್ಡ ಪಾಳು ಹಳ್ಳಿಯ, ಇಳಿಜಾರಿನಲ್ಲಿ ಹಂತಹಂತವಾಗಿ ಕಟ್ಟಿದ ಅಟ್ಟಣೆ ಹೊಲಗಳನ್ನು ಮೇಲಿನಿಂದ ನೋಡುತ್ತಾ 3,000 ಮೀಟರಿನ ವಾಯ್ಲಬಂಬಾ ಮುಟ್ಟುತ್ತೀರಿ. ದಾರಿಯ ಕೊನೆಯ ಹಳ್ಳಿ ಅದೇ, ಏನಾದರೂ ಕೊಳ್ಳಬೇಕಿದ್ದರೆ ಅಲ್ಲಿಗೇ ಮುಗಿಸಿ. ಎರಡನೇ ದಿನ 1,200 ಮೀಟರ್ ಏರು. ವಾರ್ಮಿವಾನ್ಯುಸ್ಕಾ ಘಟ್ಟ. ಅಲ್ಲಿನ ಕೆಚುವಾ ಭಾಷೆಯಲ್ಲಿ ಸತ್ತ ಹೆಂಗಸು ಎಂದರ್ಥ; ಕೆಳಗಿನ ಕಣಿವೆಯಿಂದ ಬೆಟ್ಟದ ಅಂಚು ಮಲಗಿದ ಹೆಂಗಸಿನಂತೆ ಕಾಣುವುದರಿಂದ ಬಂದ ಹೆಸರು, ಚಾರಣಿಗರ ಗತಿಯಿಂದ ಬಂದದ್ದಲ್ಲ! ಹತ್ತುವ ಉಪಾಯ ಒಂದೇ: ಮಾತಾಡಲು ಆಗುವಷ್ಟು ನಿಧಾನ ನಡೆಯುವುದು. ವಾಕ್ಯ ಮಧ್ಯದಲ್ಲಿ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ನೆತ್ತಿಯಲ್ಲಿ ಗಾಳಿ ಕೊರೆಯುತ್ತದೆ. ಹತ್ತುವಾಗ ಬೆವೆತ ಅಂಗಿ ಐದು ನಿಮಿಷದಲ್ಲಿ ಮಂಜುಗಡ್ಡೆಯಂತಾಗುತ್ತದೆ. ಆದ್ದರಿಂದ ಜಾಕೆಟ್ ಚೀಲದ ತಳದಲ್ಲಿರದೆ ಮೇಲ್ಗಡೆಯೇ ಇರಲಿ.

ಅಲ್ಲಿಂದ ಪಕಾಯ್‌ಮಾಯು ಶಿಬಿರಕ್ಕೆ 600 ಮೀಟರ್ ಇಳಿತ. ಮಂಡಿಯ ಪರೀಕ್ಷೆ ಇಲ್ಲಿಂದ ಶುರು. ಹತ್ತುವಾಗ ದಣಿಯುವುದು ಶ್ವಾಸಕೋಶ, ಅದು ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿದು ಮೈಭಾರಕ್ಕೆ ಬ್ರೇಕ್ ಹಾಕುತ್ತಿರುತ್ತದೆ. ಈ ಬಗೆಯ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ, ನೋವು ಮಾರನೇ ದಿನ ಬರುತ್ತದೆ. ಮಾರನೇ ದಿನವೇ, ಅಂದರೆ ಮೂರನೇ ದಿನವೇ, ಅತಿ ಉದ್ದದ ಇಳಿತ: ಮೂರನೇ ಘಟ್ಟದ ಫುಯುಪಾಟಮಾರ್ಕಾದಿಂದ ಕೊನೆಯ ಶಿಬಿರವಾದ ವಿನ್ಯಾಯ್ ವಾಯ್ನಾವರೆಗೆ ಸುಮಾರು 1,000 ಮೀಟರ್, ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು. ಅವೂ ಒಂದೇ ಅಳತೆಯವಲ್ಲ. ಒಂದು ಗೇಣೆತ್ತರ, ಮುಂದಿನದು ಮೊಣಕಾಲಿನವರೆಗೆ, ಅದರ ಮುಂದಿನದಕ್ಕೆ ಅರ್ಧ ಪಾದ ಊರಲೂ ಜಾಗವಿಲ್ಲ. ಕಾಲಿಗೆ ತಾಳ ಸಿಗುವುದೇ ಇಲ್ಲ.

ಇಳಿಯುವ ಕ್ರಮ ಹೀಗೆ. ಎರಡು ಊರುಗೋಲುಗಳಿರಲಿ, ತುದಿಗೆ ರಬ್ಬರ್ ಟೊಪ್ಪಿಗೆ ಕಡ್ಡಾಯ. ಬರಿಯ ಲೋಹದ ಮೊನೆ ಇಂಕಾ ಕಲ್ಲನ್ನು ಕೆರೆಯುತ್ತದೆ. ಏರುವಾಗ ಇದ್ದದ್ದಕ್ಕಿಂತ ಕೋಲನ್ನು 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಮೊದಲು ಎರಡೂ ಕೋಲುಗಳು ಕೆಳಗಿನ ಮೆಟ್ಟಿಲಿಗೆ, ಭಾರ ಕೈಗೆ ಬಂದ ಮೇಲೆ ಕಾಲು. ಮೆಟ್ಟಿಲು ಎತ್ತರವಿದ್ದರೆ ಪಾದವನ್ನು ಅಡ್ಡ ತಿರುಗಿಸಿ ಊರಿ. ಮಂಡಿ ಸ್ವಲ್ಪ ಬಾಗಿಯೇ ಇರಲಿ. ನೆಟ್ಟಗಿನ ಕಾಲಿನ ಮೇಲೆ ಧೊಪ್ಪೆಂದು ಬಿದ್ದರೆ ಪೆಟ್ಟು ನೇರ ಕೀಲಿಗೆ. ಮಳೆ ಬಂದಾಗ ಪಾಂಚೊ ಎಂಬ ಉದ್ದನೆಯ ಮಳೆಹೊದಿಕೆ ತೊಟ್ಟವರಿಗೆ ತಮ್ಮ ಪಾದವೇ ಕಾಣುವುದಿಲ್ಲ, ಇಳಿಜಾರಿನಲ್ಲಿ ಅದನ್ನು ಮುಂಭಾಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿರಬೇಕು. ಬೂಟಿನ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿದರೆ ಹಿಮ್ಮಡಿ ಹಿಂದೆಯೇ ಕೂರುತ್ತದೆ. ಇಲ್ಲವಾದರೆ ಪ್ರತಿ ಮೆಟ್ಟಿಲಿಗೂ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದಿ ಉಗುರು ಕಪ್ಪಾಗುತ್ತದೆ.

ಇದಕ್ಕೆ ತಯಾರಿ ಎಂದರೆ ಇಳಿಯುವ ತಯಾರಿ. ಎಂಟು ವಾರ ಮೊದಲೇ ಶುರುಮಾಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ಹೆಚ್ಚಿನವರು ಹತ್ತಿ, ಬಸ್ಸಿನಲ್ಲಿ ಇಳಿಯುತ್ತಾರೆ. ಇಲ್ಲಿ ಬೇಕಾದದ್ದು ಅದರ ತಿರುವುಮುರುವು. ಬೆನ್ನಿಗೆ 6 ಕಿಲೋ ಚೀಲ ಹಾಕಿಕೊಂಡು ವಾರಕ್ಕೆ ಎರಡು ಸಲ ನಿಧಾನ ಇಳಿಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾದರೆ ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿದರೂ ಆಯಿತು.

ನಿಮ್ಮ ಹೊರೆಯ ಬಹುಪಾಲು ಪೋರ್ಟರ್‌ಗಳ ಬೆನ್ನಿಗೆ ಹೋಗುತ್ತದೆ. ಒಬ್ಬರಿಗೆ 20 ಕಿಲೋ ಮಿತಿ, ಸೇತುವೆಯ ಬಳಿ ತೂಕ ಹಾಕುತ್ತಾರೆ. ಹಾಗಾಗಿ ನೀವು ಅವರ ಮೇಲೆ ಹೊರಿಸಬಹುದಾದದ್ದು ಸಾಮಾನ್ಯವಾಗಿ 7 ಕಿಲೋ, ಮಲಗುಚೀಲವೂ ಸೇರಿ. ಅವರು ಅದೇ ಮೆಟ್ಟಿಲ ಮೇಲೆ ಹೆಚ್ಚುಕಡಿಮೆ ಓಡುತ್ತಲೇ ಇಳಿಯುತ್ತಾರೆ. ಹಿಂದಿನಿಂದ ಸದ್ದು ಕೇಳಿದ ಕೂಡಲೇ ಬೆಟ್ಟದ ಗೋಡೆಯ ಕಡೆ ಸರಿದು ನಿಲ್ಲಿ, ಪ್ರಪಾತದ ಕಡೆಗಲ್ಲ. ಪೋರ್ಟರ್‌ನ ಹೊರೆ ತಗುಲಿದರೆ ಹೊರಗೆ ನಿಂತವರಿಗೆ ಹಿಡಿಯಲು ಏನೂ ಇರುವುದಿಲ್ಲ.

ಕುಡಿಯುವ ನೀರು ಶಿಬಿರದಲ್ಲಿ ಕಾಯಿಸಿ ಕೊಡುತ್ತಾರೆ. 3,600 ಮೀಟರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಮೂರು ನಿಮಿಷ ಕುದಿಯಬೇಕು. ನಡುದಾರಿಯ ತೊರೆಯ ನೀರಾದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಸಸ್ಯಾಹಾರಿಗಳಿಗೆ ಕೀನ್ವಾ ಕಾಳು, ಆಲೂಗಡ್ಡೆ, ಜೋಳಕ್ಕೆ ಕೊರತೆಯಿಲ್ಲ. ಆದರೆ ಸೂಪಿನ ತಳದಲ್ಲಿ ಕೋಳಿಯ ಸಾರಿರುವುದು ಅಲ್ಲಿ ಮಾಮೂಲು. ಅದೂ ಬೇಡವೆಂದು ಬಿಡಿಸಿ ಹೇಳಬೇಕು.

ಮೂರನೇ ದಿನವೇ ನೋಡುವ ದಿನ ಕೂಡ. ಬೆಳಿಗ್ಗೆ ರುಂಕುರಾಕಾಯ್, ಗುಂಡಗಿನ ಪುಟ್ಟ ಕಟ್ಟಡ. ಎರಡನೇ ಘಟ್ಟ ದಾಟಿದ ಮೇಲೆ ಸಾಯಕ್‌ಮಾರ್ಕಾ. ಮೂರು ಕಡೆ ಪ್ರಪಾತವಿರುವ ಬಂಡೆಯ ಮೂಗಿನ ಮೇಲಿದೆ, ಹತ್ತಲು 98 ಕಡಿದಾದ ಮೆಟ್ಟಿಲು. ದಣಿದವರು ಕೆಳಗೇ ಕೂರುವುದುಂಟು, ಇದೊಂದನ್ನು ತಪ್ಪಿಸಿಕೊಳ್ಳಬೇಡಿ. ಬೇಕಿದ್ದರೆ ಚೀಲ ಕೆಳಗಿಟ್ಟು ಹತ್ತಿ. ಕೊನೆಗೆ ವಿನ್ಯಾಯ್ ವಾಯ್ನಾ, ಒಂದು ಆರ್ಕಿಡ್ ಹೂವಿನ ಹೆಸರು. ಬಾಗಿದ ಅಟ್ಟಣೆಗಳ ನಡುವೆ ನೀರಿನ ತೊಟ್ಟಿಗಳು ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತವೆ.

ಇಲ್ಲಿ ಅಟ್ಟಣೆಗಳನ್ನು ಹತ್ತಿರದಿಂದ ನೋಡಿ. ಮಾಚು ಪಿಚು ಸೀಮೆಗೆ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ, ನಮ್ಮ ಮಲೆನಾಡಿನ ಲೆಕ್ಕ. ಇಂಥ ಕಡಿದಾದ ಬೆಟ್ಟ ಆ ಮಳೆಗೆ ಕುಸಿಯಬೇಕಿತ್ತು. ಕುಸಿದಿಲ್ಲ, ಏಕೆಂದರೆ ಅಟ್ಟಣೆಯ ಮೇಲೆ ಫಲವತ್ತಾದ ಮಣ್ಣು, ಕೆಳಗೆ ಮರಳು-ಜಲ್ಲಿ, ಅದರಡಿ ದೊಡ್ಡ ಕಲ್ಲು. ನೀರು ನಿಲ್ಲದೆ ಸೋಸಿ ಇಳಿಯುತ್ತದೆ. ಜಲತಂತ್ರಜ್ಞ ಕೆನೆತ್ ರೈಟ್ ತಂಡ ಮಾಚು ಪಿಚುವಿನಲ್ಲಿ ಸುಮಾರು 130 ನೀರುಗಂಡಿಗಳನ್ನು ಗುರುತಿಸಿದೆ. ಊರಿಗೆ ನೀರು ತರುವ ಕಾಲುವೆ 749 ಮೀಟರ್, ಅದು ಉಣಿಸುವ ಕಾರಂಜಿಗಳು 16. ಕಟ್ಟಡದ ಅರ್ಧ ಶ್ರಮ ಕಣ್ಣಿಗೆ ಬೀಳದಂತೆ ನೆಲದ ಕೆಳಗಿದೆ. ಗೋಡೆಯ ಕಲ್ಲಿನ ಸಂದಿಗೆ ಬ್ಲೇಡು ತೂರುವುದಿಲ್ಲ ಎಂಬ ಮಾತನ್ನೇ ಎಲ್ಲರೂ ಹೇಳುತ್ತಾರೆ. ಈ ಮೋರಿಗಳ ಮುಂದೆ ಅದು ಸಣ್ಣ ಸಂಗತಿ.

ನಾಲ್ಕನೇ ದಿನ ಬೆಳಗಿನ ಜಾವ ಮೂರೂವರೆಗೆ ಎಬ್ಬಿಸುತ್ತಾರೆ. ಸೂರ್ಯೋದಯಕ್ಕಾಗಿ ಎಂದುಕೊಳ್ಳುತ್ತೇವೆ. ನಿಜವಾದ ಕಾರಣ, ಪೋರ್ಟರ್‌ಗಳು ಗುಡಾರ ಬಿಚ್ಚಿ ಮಡಚಿ ತಮ್ಮ ಮುಂಜಾನೆಯ ರೈಲು ಹಿಡಿಯಬೇಕು. ತಪಾಸಣೆ ಬಾಗಿಲು ತೆರೆಯುವುದು ಐದೂವರೆಗೆ. ಅಲ್ಲಿಯತನಕ ಕತ್ತಲಲ್ಲಿ ಸಾಲಿನಲ್ಲಿ ಕೂತಿರಬೇಕು, ಹಣೆದೀಪ ಮತ್ತು ಬೆಚ್ಚನೆ ಬಟ್ಟೆ ಕೈಗೆ ಸಿಗುವಂತಿರಲಿ. ಜೂನ್, ಜುಲೈ ಅಲ್ಲಿ ಚಳಿಗಾಲ. ಮುಂದೆ ಹೆಚ್ಚುಕಡಿಮೆ ಸಮದಾರಿ. ಕೊನೆಗೆ ಐವತ್ತರಷ್ಟು ಮೆಟ್ಟಿಲು ಏಣಿಯಂತೆ ನಿಂತಿರುತ್ತವೆ. ನಾಚಿಕೆ ಬಿಟ್ಟು ಕೈಕಾಲು ನಾಲ್ಕನ್ನೂ ಊರಿ ಹತ್ತುವುದೇ ವಾಸಿ. ಅದರ ಮೇಲೆ ಇಂತಿ ಪುಂಕು, ಸೂರ್ಯನ ಬಾಗಿಲು. ಅಲ್ಲಿಂದ ಮಾಚು ಪಿಚು ಪೂರ್ತಿ ಕಾಣುತ್ತದೆ, ಮಂಜು ಮುಸುಕಿರದಿದ್ದರೆ. ಮುಸುಕಿದ್ದರೆ ಅರ್ಧ ಗಂಟೆ ಕಾಯಿರಿ, ಬಿಸಿಲೇರುತ್ತಿದ್ದಂತೆ ಮಂಜು ಹರಿಯುವುದು ಹೆಚ್ಚು.

ನಗರದೊಳಗೆ ಈಗ ಸುತ್ತುದಾರಿಗಳನ್ನು ಗೊತ್ತುಮಾಡಿದ್ದಾರೆ, ಹಿಂದೆ ತಿರುಗಿ ಬರಲು ಬಿಡುವುದಿಲ್ಲ. ನಿಮ್ಮ ಪರ್ಮಿಟ್ಟಿನಲ್ಲಿ ಯಾವ ಸುತ್ತು ಸೇರಿದೆ ಎಂದು ಬುಕಿಂಗ್ ಸಮಯದಲ್ಲೇ ಕೇಳಿ. ನೋಡಿ ಮುಗಿದ ಮೇಲೆ ಕೆಳಗಿನ ಊರಿಗೆ ಬಸ್ಸುಂಟು, ಕಾಲುದಾರಿಯೂ ಉಂಟು. ಕಾಲುದಾರಿಗೆ ಒಂದು ಗಂಟೆಗೂ ಹೆಚ್ಚು ಬೇಕು, ಅದೂ ಉದ್ದಕ್ಕೂ ಮೆಟ್ಟಿಲೇ. ಬಸ್ ಟಿಕೆಟ್ ಏಜೆನ್ಸಿಯ ಲೆಕ್ಕದಲ್ಲಿ ಸೇರಿದೆಯೇ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ನಮಸ್ಕಾರ.